ಎಂಜಲು ಬಲ್ಲ ಬಳ್ಳಿ

ನಮ್ಮೂರಿಗೆ ಕಹಿ ಬಂದರೆ ಮೊದಲು ಗೊತ್ತಾಗುವುದು ಮೊಲೆಗೂಸುಗಳಿಗೆ. ಬಾಯಿಗಿಟ್ಟ ಮೊಲೆ ಬಿಟ್ಟು ಮುಖ ತಿರುಗಿಸುತ್ತವೆ, ತುಟಿ ಸೊಟ್ಟ ಮಾಡಿ ಅಳುತ್ತವೆ. ಆಮೇಲೆ ದನಗಳಿಗೆ. ಗೋದಲಿಯ ಹಸಿಮೇವನ್ನು ಮೂಸಿ ಹಿಂದೆ ಸರಿಯುತ್ತವೆ. ದೊಡ್ಡವರಿಗೆ ಗೊತ್ತಾಗುವುದು ಕಟ್ಟಕಡೆಗೆ, ಅದೂ ಊಟಕ್ಕೆ ಕೂತು ತುತ್ತು ಬಾಯಿಗಿಟ್ಟ ಮೇಲೆ. ಹಿತ್ತಲ ಕೊತ್ತಂಬರಿ, ಮಡಿಯ ಮೆಂತ್ಯ, ಚಪ್ಪರದ ತೊಂಡೆ, ಒಡೆದ ಗಡಿಗೆಯಲ್ಲಿ ನೆಟ್ಟ ಕರಿಬೇವು ಎಲ್ಲವೂ ಒಂದೇ ಹೊತ್ತಿಗೆ ಬಾಯಲ್ಲಿಡಲಾರದಷ್ಟು ಕಹಿ. ಎಲ್ಲೋ ಒಂದು ಎಲೆಯನ್ನು ಯಾವುದೋ ಬಾಯಿ ಕಚ್ಚಿದೆ, ಆ ಎಲೆ ಪಕ್ಕದ ಎಲೆಗೆ ಹೇಳಿದೆ, ಅದು ಅದರಾಚೆಯದಕ್ಕೆ ಹೇಳಿದೆ, ಸಾಲಿನಿಂದ ಸಾಲಿಗೆ, ಬೇಲಿಯಿಂದ ಬೇಲಿಗೆ ಮಾತು ಮುಟ್ಟಿ ಊರಿನ ಹಸಿರೆಲ್ಲ ಮೈ ಬಿಗಿದುಕೊಂಡಿದೆ ಅಂತ ಅರ್ಥ.

ಇದರ ಜೊತೆಗೇ ನಾವು ಬಾಳುತ್ತಿದ್ದೆವು. ಮನೆಮನೆಯ ನೆಲುವಿನಲ್ಲೂ ಕಹಿದಿನದ ಗಡಿಗೆ ಅಂತ ಒಂದು ತೂಗುತ್ತಿತ್ತು. ಅದರಲ್ಲಿ ಹುರಳಿ, ಶೇಂಗಾಹಿಂಡಿ, ಒಣಮೆಣಸಿನಕಾಯಿ. ಕೂಸುಗಳಿಗೆ ಗಂಜಿಯ ತಿಳಿ. ಹೆಣ್ಣು ನೋಡಲು ಬಂದವರು ಕಹಿ ಬಂದ ಸುದ್ದಿ ಕೇಳಿ ಊರ ಅಗಸೆಬಾಗಿಲಿನಿಂದಲೇ ಗಾಡಿ ತಿರುಗಿಸುತ್ತಿದ್ದರು. ಆ ದಿನಗಳಲ್ಲಿ ಗಂಡ ಹೆಂಡಿರು ಜಗಳಾಡಿದರೆ ಅದನ್ನು ಯಾರೂ ಎಣಿಸುತ್ತಿರಲಿಲ್ಲ. ಕಹಿದಿನದ ಮಾತು ಬಿಡು ಅಂತ ಹೇಳಿ ಒರೆಸಿಬಿಡುತ್ತಿದ್ದರು. ಮೂರು ದಿನ ಹಾಗಿದ್ದು ನಾಲ್ಕನೆಯ ದಿನ ಬೆಳಗ್ಗೆ ಕಹಿ ಇಳಿಯುತ್ತಿತ್ತು.

ಊರಿಗೆ ಊರೇ ಧಣಿಯ ಎಲೆತೋಟದ ಮೇಲೆ ನಿಂತಿತ್ತು. ಚೊಗಚೆ ಗಿಡಗಳಿಗೆ ಹಬ್ಬಿಸಿದ ವೀಳ್ಯದೆಲೆಯ ಬಳ್ಳಿ ನೂರಾರು ಸಾಲು. ಕೊಯ್ಯುವವರು ನಾವು ಕೆಳಗೇರಿಯ ಮೂವತ್ತೆಂಟು ಹೆಂಗಸರು. ಹೆಬ್ಬೆರಳಿಗೆ ತಗಡಿನ ಉಗುರು ತೊಟ್ಟು ತೊಟ್ಟಿನಿಂದ ಎಲೆ ಚಿವುಟಬೇಕು, ನೂರು ಎಲೆ ಜೋಡಿಸಿ ಒಂದು ಕವಳೆ ಕಟ್ಟಬೇಕು. ತಗಡಿನ ಉಗುರಿನಿಂದ ಎಷ್ಟು ಕೊಯ್ದರೂ ಬಳ್ಳಿ ಸುಮ್ಮನಿರುತ್ತದೆ. ಎಂಜಲು ತಾಗಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಇದಿಷ್ಟು ನಿಜ. ಈ ಒಂದು ನಿಜದ ಮೇಲೆ ಊರಿನ ಹಿರಿಯರು ತಮ್ಮ ಸುಳ್ಳನ್ನು ಮಾಳಿಗೆಮನೆಯ ಹಾಗೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ್ದರು. ಬಳ್ಳಿಗೆ ಎಂಜಲು ಆಗುವುದಿಲ್ಲ. ಊರಲ್ಲಿ ಎಂಜಲು ಬಾಯಿ ಯಾರದು? ಇದನ್ನು ಯಾರೂ ಕೇಳಬೇಕಾಗಿರಲಿಲ್ಲ, ಉತ್ತರ ನಾವು ಹುಟ್ಟುವ ಮೊದಲೇ ಸಿದ್ಧವಾಗಿತ್ತು.

ಅದಕ್ಕೇ ನಮಗೆ ಬಾಯಿಬಟ್ಟೆ. ಮೂಗಿನ ಕೆಳಗಿಂದ ಗಲ್ಲದವರೆಗೆ ದಪ್ಪ ಬಟ್ಟೆ ಕಟ್ಟಿ ಹಿಂದೆ ಎರಡು ಗಂಟು. ತೋಟದ ಬಾಗಿಲಲ್ಲಿ ಮೇಸ್ತ್ರಿ ಭರಮಪ್ಪ ಒಬ್ಬೊಬ್ಬರ ಗಂಟನ್ನೂ ಕೋಲಿನ ತುದಿಯಿಂದ ಎಳೆದು ನೋಡಿ ಒಳಗೆ ಬಿಡುತ್ತಿದ್ದ. ಒಳಗೆ ಮಾತಿಲ್ಲ, ಹಾಡಿಲ್ಲ, ಕೆಮ್ಮು ಬಂದರೆ ಹೊರಗೆ ಓಡಬೇಕು. ಅದೇ ತೋಟದಲ್ಲಿ ಧಣಿ ಬಾಯಿ ತುಂಬ ಎಲೆ ಅಡಿಕೆ ಮೆಲ್ಲುತ್ತ ಸಾಲುಸಾಲು ತಿರುಗುತ್ತಿದ್ದ. ಅವನು ಉಗುಳಿದ ಕೆಂಪು ಚೊಗಚೆಯ ಬುಡಬುಡಕ್ಕೂ ಇತ್ತು. ಅವನದು ತಾಂಬೂಲ. ನಮ್ಮದು ಎಂಜಲು.

ಕಹಿ ಬಂದ ದಿನ ಭರಮಪ್ಪ ಎಲ್ಲರ ಬಾಯಿಬಟ್ಟೆ ಬಿಚ್ಚಿಸಿ, ರಾಶಿ ಹಾಕಿಸಿ, ಒಂದೊಂದರ ಒಳಮೈ ತಿರುವಿ ನೋಡುತ್ತಿದ್ದ. ಹಸಿರು ಕಲೆ ಕಂಡರೆ, ಆ ಬಟ್ಟೆಯ ಅಂಚಿನ ದಾರದ ಗುರುತು ಯಾರದೋ ಅವಳೇ ಕಚ್ಚಿದವಳು. ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ಅವಳನ್ನು ಬೇಲಿ ದಾಟಿಸುತ್ತಿದ್ದರು. ಬೇಲಿಯಾಚೆ ಬರೀ ಸವಳುಭೂಮಿ. ಬೆಳ್ಳಗೆ ಉಪ್ಪು ಹೂತ ನೆಲ, ಹುಲ್ಲುಕಡ್ಡಿ ಇಲ್ಲ. ಅವಳು ದಾಟಿದ ಮೇಲೆ ಜಾಲಿಮುಳ್ಳು ಎಳೆದು ಮುಚ್ಚುತ್ತಿದ್ದರು. ಮೊಲೆಗೂಸಿದ್ದರೆ ಅದು ಊರಲ್ಲೇ. ಕೂಸಿನ ಬಾಯಿಯ ತಪ್ಪಿಲ್ಲವಲ್ಲ, ಅಷ್ಟು ನ್ಯಾಯ ನಮ್ಮ ಧಣಿಗೆ ಗೊತ್ತಿತ್ತು. ನನಗೆ ತಿಳಿದಂತೆ ಹದಿನಾಲ್ಕು ಮಂದಿ ಹೋದರು. ಹದಿನಾಲ್ಕು ಸಲವೂ ಮಾರನೆಯ ಬೆಳಗ್ಗೆ ಕಹಿ ಇಳಿಯಿತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಆ ಹದಿನಾಲ್ಕರಲ್ಲಿ ಒಬ್ಬಳು ನನ್ನ ಅವ್ವ ಫಕೀರವ್ವ. ಹನ್ನೊಂದು ವರ್ಷದ ಹಿಂದಿನ ಮಾತು. ಆ ಸಲ ಯಾರ ಬಟ್ಟೆಯಲ್ಲೂ ಕಲೆ ಇರಲಿಲ್ಲ. ಧಣಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಂಡವರು ಹೇಳದಿದ್ದರೆ ಕೇರಿಗೆ ನೀರು ಬಂದ್ ಅಂದ. ಅವ್ವನ ತುಟಿಯ ಮೂಲೆಯಲ್ಲಿ ಹಸಿರು ಕಂಡಿದ್ದವಳು ನಾನೊಬ್ಬಳೇ. ನಾನು ಬೆರಳು ತೋರಿಸಿದೆ. ಅವ್ವ ಇಲ್ಲ ಅನ್ನಲಿಲ್ಲ. ಬೇಲಿ ದಾಟುವಾಗ ಹಿಂದಿರುಗಿ ನೋಡಲೂ ಇಲ್ಲ. ನಾನು ಹೊನ್ನೂರವ್ವ, ಅವತ್ತಿನಿಂದ ತೋಟದಲ್ಲಿ ನಂಬಿಗಸ್ತೆ ಅನಿಸಿಕೊಂಡೆ.

ಆ ನಂಬಿಗಸ್ತೆಯೇ ಕಚ್ಚಿದಳು. ಒಂದು ಸೋಮವಾರ ಬೆಳಗ್ಗೆ, ಮೂರನೆಯ ಸಾಲಿನಲ್ಲಿ. ಇಪ್ಪತ್ತೆರಡು ವರ್ಷ ಎಲೆ ಕೊಯ್ದ ಕೈ, ಎಲೆಯ ರುಚಿ ನಾಲಿಗೆಗೆ ಗೊತ್ತಿಲ್ಲ. ಅವತ್ತು ಕೈಗೆ ಬಂದ ಕುಡಿಯೆಲೆ ಕೂಸಿನ ಕಿವಿಯಷ್ಟು ತೆಳ್ಳಗೆ, ಇಬ್ಬನಿ ಇನ್ನೂ ಆರಿರಲಿಲ್ಲ. ಬಟ್ಟೆ ಮೇಲೆ ಸರಿಸಿದೆ, ಕಚ್ಚಿದೆ. ಮೊದಲು ಖಾರ, ಆಮೇಲೆ ಗಂಟಲೊಳಗೆ ತಣ್ಣಗೆ ಏನೋ ಬಿಚ್ಚಿಕೊಂಡ ಹಾಗೆ. ಇದಕ್ಕೇ ಅವ್ವ ಹೋದಳೇ ಅನಿಸಿ ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದ ಹೊತ್ತಿಗೆ ಊರಿಗೆ ಕಹಿ ಬಂದ ಸುದ್ದಿ ಬಂತು.

ಭರಮಪ್ಪ ಬಟ್ಟೆ ತಿರುವಿದ. ಕಲೆ ಸಿಕ್ಕಿದ್ದು ಕರೆವ್ವನ ಬಟ್ಟೆಯಲ್ಲಿ. ಕರೆವ್ವ ನನ್ನ ತಮ್ಮನ ಹೆಂಡತಿ, ನಾವೆಲ್ಲ ಒಂದೇ ಮನೆ. ಅವಳ ಬಟ್ಟೆಯ ಅಂಚಿಗೆ ನೀಲಿ ದಾರ, ನನ್ನದಕ್ಕೆ ಕೆಂಪು. ಆ ನಸುಕಿನಲ್ಲಿ ಹಗ್ಗದ ಮೇಲಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಕಟ್ಟಿಕೊಂಡು ಹೋಗಿದ್ದೆ. ಬಣ್ಣ ನೋಡುವಷ್ಟು ಬೆಳಕಿರಲಿಲ್ಲ. ಭರಮಪ್ಪ ಕೋಲಿನ ತುದಿಗೆ ನೀಲಿ ದಾರದ ಬಟ್ಟೆ ಸಿಕ್ಕಿಸಿ ಎತ್ತಿ ತೋರಿಸಿದಾಗಲೇ ನನಗೆ ಅದಲುಬದಲು ಗೊತ್ತಾಗಿದ್ದು. ಕರೆವ್ವನಿಗೆ ಎಂಟು ತಿಂಗಳ ಮಗಳು. ತಮ್ಮ ಎಲೆಯ ಗಾಡಿ ಹೊಡೆದುಕೊಂಡು ದೂರದ ಸಂತೆಗೆ ಹೋಗಿದ್ದ. ಬರಲು ಇನ್ನೂ ಆರು ದಿನ. ಬಂದಾಗ ಅವನಿಗೆ ಹೆಂಡತಿ ಇರುವುದಿಲ್ಲ.

ನಾನು ಹೇಳಲಿಲ್ಲ. ಸೋಮವಾರ ಹೇಳಲಿಲ್ಲ, ಮಂಗಳವಾರವೂ ಹೇಳಲಿಲ್ಲ. ಮನೆಯಲ್ಲಿ ಕರೆವ್ವ ಕೂಸಿಗೆ ಗಂಜಿ ಕುಡಿಸುವುದನ್ನು ನನಗೆ ಹೇಳಿಕೊಡುತ್ತಿದ್ದಳು. "ಎಕ್ಕಾ, ಬಟ್ಟಲಾ ಓರೆ ಹಿಡೀಬ್ಯಾಡ, ನೆತ್ತಿಗೇರ್ತೈತಿ. ರಾತ್ರಿ ಎದ್ರ ಬೆನ್ನ ತಟ್ಟು, ಹಾಡ್ಬ್ಯಾಡ, ನಿನ್ನ ಹಾಡ ಕೇಳಿದ್ರ ಇನ್ನಾ ಜೋರ ಅಳ್ತಾಳ." ಅಷ್ಟು ಹೇಳಿ ನಗಲು ನೋಡಿದಳು. ಆ ಕಲೆ ಯಾರದು ಅಂತ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಹೇಳಿದರೆ ಬೇಲಿಯಾಚೆ ಹೋಗಬೇಕು, ಅಲ್ಲಿ ಅವ್ವ ಬದುಕಿದ್ದರೆ ಅವಳ ಮುಖ ನೋಡಬೇಕು. ಬಿಳಿ ಸವಳಿಗಿಂತ ನನಗೆ ಆ ಮುಖದ ಅಂಜಿಕೆಯೇ ಹೆಚ್ಚಾಗಿತ್ತು.

ಬುಧವಾರ ಹೊತ್ತು ಇಳಿಮುಖವಾಗುವಾಗ ತೋಟದ ಮುಂದಿನ ಕಟ್ಟೆಗೆ ಎಲ್ಲರನ್ನೂ ಕರೆದರು. ಧಣಿ ಕುರ್ಚಿಯಲ್ಲಿ, ಪಕ್ಕದಲ್ಲಿ ಭರಮಪ್ಪ. ನಾವು ಬಾಯಿ ಕಟ್ಟಿಕೊಂಡು ನೆಲದಲ್ಲಿ ಕೂತಿದ್ದೆವು. ಬೇಲಿಯ ಮುಳ್ಳು ಆಗಲೇ ಒಂದಾಳು ನುಸುಳುವಷ್ಟು ಸರಿದಿತ್ತು. ಭರಮಪ್ಪ ಕರೆವ್ವನ ಕಡೆ ಕೋಲು ತೋರಿಸಿ, "ಕೂಸನ್ನ ಯಾರರೆ ತಗೋರಿ. ಏಳವಾ, ಹೊತ್ತಾಗ್ತೈತಿ" ಅಂದ. ನಮ್ಮೆಲ್ಲರಿಗಿಂತ ಹಿರಿಯಳಾದ ಗಾಳೆವ್ವ ಕೈ ಚಾಚಿದಳು. ಕೂಸು ತನ್ನವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿತ್ತು. ಕರೆವ್ವ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಎರಡು ಬೆರಳು ಬಿಡಿಸಿದಳು. ಮೂರನೆಯದು ಬಿಡಿಸುವುದನ್ನು ನನ್ನಿಂದ ನೋಡಲಾಗಲಿಲ್ಲ.

ನಾನು ಎದ್ದು ನಿಂತು ಬಾಯಿಬಟ್ಟೆ ಬಿಚ್ಚಿದೆ. ಧಣಿಯ ಎದುರು ಯಾವ ಹೆಂಗಸೂ ಹಾಗೆ ಬಿಚ್ಚಿರಲಿಲ್ಲ. ಗಾಳಿ ತುಟಿಗೆ ತಾಗಿದ್ದೇ ಚಳಿ ಆದ ಹಾಗಾಯಿತು. "ಧಣ್ಯಾರ, ಆ ಕಲೆ ನಂದು. ಬಟ್ಟಿ ಅದಲಬದಲ ಆಗಿತ್ತು. ಕಚ್ಚಿದಾಕಿ ನಾನು."

ಧಣಿ ಬಾಯಲ್ಲಿದ್ದ ತಾಂಬೂಲವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದೂಡಿದ. "ತಮ್ಮನ ಹೇಣ್ತಿ ಉಳಿಸಾಕ ಸುಳ್ಳ ಹೇಳ್ತಿ ಏನು?"

"ಹೆತ್ತವ್ವನ ಮ್ಯಾಲ ಹೇಳ್ದಾಗ ನನ್ನ ಮಾತ ಖರೇ ಆಗಿತ್ತು. ಇವತ್ತ ನನ್ನ ಮ್ಯಾಲ ನಾನ ಹೇಳ್ಕೊಂಡ್ರ ಸುಳ್ಳಾತೇನ್ರಿ?"

 ಧಣಿ ಬೇಸರದಿಂದ ಕೈ ಬೀಸಿದ. "ಇಬ್ರನ್ನೂ ದಾಟಿಸು ಭರಮಪ್ಪಾ. ಕಲೆ ಒಬ್ಬಾಕಿದು, ಬಟ್ಟಿ ಒಬ್ಬಾಕಿದು. ಎರಡೂ ಹೋಗ್ಲಿ."

ಆಗ ಕರೆವ್ವ ಬಟ್ಟೆ ಕೆಳಗೆಳೆದಳು.  "ಹೌದ್ರಿ, ನಾನೂ ಕಚ್ಚೀನಿ. ಆದ್ರ ಸೋಮಾರ ಅಲ್ಲ. ಹೋದ ವಾರ, ನಾಕ್ ಸಲ. ಆವಾಗ ಕಹಿ ಯಾಕ ಬರ್ಲಿಲ್ಲ? ಇನ್ನೊಂದ್ ಮಾತ ಕೇಳ್ರಿ. ನಮ್ಮೆಕ್ಕ ಕಚ್ಚಿದ್ದು ಸೋಮಾರ ಮುಂಜಾನಿ. ಈ ಕೂಸು ಮೊಲಿ ಬಿಟ್ಟಿದ್ದು ಆಯಿತಾರ ಸಂಜಿಗೆ. ಅಜೀರ್ಣ ಆಗಿರಬೇಕು ಅನ್ಕೊಂಡಿದ್ದೆ. ಎಲಿ ಕಚ್ಚೂದಕ್ಕಿಂತ ಮೊದಲ ಕಹಿ ಹೆಂಗ ಬಂತ್ರಿ?"

 ನನ್ನ ತಲೆಯೊಳಗೆ ಏನೋ ಜೋರಾಗಿ ಬಿದ್ದು ಒಡೆದ ಹಾಗಾಯಿತು. ಅಷ್ಟರಲ್ಲಿ ಕಿಸಕ್ಕನೆ ಒಂದು ನಗು ಕೇಳಿತು. ಗಾಳೆವ್ವ. ಅವಳು ಬಟ್ಟೆಯನ್ನು ಕತ್ತಿಗೆ ಇಳಿಸಿ ಹಲ್ಲಿಲ್ಲದ ವಸಡು ತೋರಿಸುತ್ತ ನಗುತ್ತಿದ್ದಳು. "ನಾಕ್ ಸಲಕ್ಕ ಇಷ್ಟ ದೊಡ್ಡ ಬಾಯಿ ಮಾಡ್ತಿಯಲ್ಲಬೇ ಕರಿ! ನಾ ನಲವತ್ತ ವರ್ಷ ದಿನಾ ತಿಂದೀನಿ. ಮೊದಲ ಅಗೀತಿದ್ದೆ, ಈಗ ಚೀಪ್ತೀನಿ. ಬಟ್ಟಿಗೆ ಯಾಕ ಹಚ್ಕೊಂತೀರಿ ದಡ್ಡ ಮುಂಡೇರಾ? ನಾಲಿಗಿ ಅಡಿಗೆ ಇಟ್ಕೋಬೇಕು."

"ಏ ಮುದುಕಿ, ನೀನೂ?" ಹಿಂದಿನಿಂದ ಯಾರೋ ಕೂಗಿದರು. "ನಾ ಒಬ್ಬಾಕಿನ ಕಚ್ತೀನಂತ ಹತ್ತ ವರ್ಷ ನಿದ್ದಿಗೆಟ್ಟೀನಲ್ಲ!" ಇನ್ನೊಬ್ಬಳು, "ನಾ ಬಸುರಿದ್ದಾಗ ದಿನಾ ಐದು ಹೊಡೀತಿದ್ದೆ" ಅಂದಳು. ಮತ್ತೊಬ್ಬಳು, "ಐದ? ಅದಕ್ಕ ನಿನ್ನ ಸಾಲಿನಾಗ ಕವಳಿ ಕಡಿಮಿ ಬರ್ತಿದ್ವು" ಅಂತ ಬೈದಳು. ಒಂದು ಬಟ್ಟೆ ಬಿಚ್ಚಿತು, ಪಕ್ಕದ್ದು ಬಿಚ್ಚಿತು, ಅದರಾಚೆಯದು ಬಿಚ್ಚಿತು. ಬಳ್ಳಿಯಿಂದ ಬಳ್ಳಿಗೆ ಕಹಿ ಹೋಗುವುದನ್ನು ನಾವು ಬದುಕಿಡೀ ಕೇಳಿದ್ದೆವು, ಕಣ್ಣಾರೆ ಕಂಡಿರಲಿಲ್ಲ. ಅವತ್ತು ಹೀಗೇ ಹೋಗುತ್ತದೇನೋ ಅನಿಸಿತು. ಮೂವತ್ತೆಂಟು ಬಾಯಿ. ಅಷ್ಟೂ ಮಂದಿ ಕಚ್ಚಿದ್ದರು, ವರ್ಷಗಟ್ಟಲೆ ಕಚ್ಚಿದ್ದರು. ಕಡೆಯವಳು ನಾನು. ಕಚ್ಚಿದಾಗ ಕಹಿ ಬರದಿದ್ದರೆ ಈ ಸಲ ಬಚಾವಾದೆ ಅಂದುಕೊಂಡೆವು. ಬಂದರೆ, ನನ್ನಿಂದಲೇ ಬಂತು ಅಂತ ಹಲ್ಲು ಕಚ್ಚಿ ಕೂತು, ಇನ್ನೊಬ್ಬಳು ಬೇಲಿ ದಾಟುವುದನ್ನು ನೋಡಿದೆವು. ಧಣಿ ನಮ್ಮ ಬಾಯಿಗೆ ಕಟ್ಟಿದ್ದು ಬಟ್ಟೆಯನ್ನಲ್ಲ, 'ನಾನೊಬ್ಬಳೇ' ಅನ್ನುವ ಒಂದು ಮಾತನ್ನು.

ಗಾಳೆವ್ವ ಕರೆವ್ವನಿಂದ ಕೂಸನ್ನು ಎತ್ತಿ ಸೊಂಟಕ್ಕೇರಿಸಿ ಚೊಗಚೆಯ ಬುಡದ ಕೆಂಪು ತೋರಿಸಿದಳು. "ಧಣ್ಯಾರ, ಇದು ಯಾರ ಎಂಜಲ್ರಿ?"

"ಸುಣ್ಣ ಅಡಿಕಿ ಕೂಡಿದ್ದು ಎಂಜಲ ಅಲ್ಲ" ಅಂದ ಧಣಿ. ಅಂದವನೇ ಬಾಯಲ್ಲಿದ್ದುದನ್ನು ಉಗುಳಬೇಕೋ ನುಂಗಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡ. ಯಾರೋ ನಕ್ಕರು. ಅವನ ಮುಖ ಗಟ್ಟಿಯಾಯಿತು. ನುಂಗಿದ. "ಆತು. ಕಹಿ ನಿಮ್ಮಿಂದ ಬಂದಿಲ್ಲಲ್ಲ? ಇವತ್ತ ಯಾರನ್ನೂ ದಾಟ್ಸಾಂಗಿಲ್ಲ. ನಾಳೆ ಹೊತ್ತ ಹುಟ್ಟೂದರಾಗ ಕಹಿ ಇಳೀಲಿಲ್ಲ ಅಂದ್ರ ಮೂವತ್ತೆಂಟೂ ಮಂದಿ ಬೇಲಿ ಹೊರಗ. ಕೂಸುಗೋಳು ಊರಾಗ. ಕೆಳಗೇರಿ ಗುಡಿಸ್ಲಾ ಕೀಳಿಸ್ತೀನಿ." ಎದ್ದು ಹೋದ. ಬಿಚ್ಚಿದ ನಗು ನಮ್ಮ ಬಾಯಲ್ಲೇ ಒಣಗಿತು. ಯಾರನ್ನೂ ದಾಟಿಸದೆ ಕಹಿ ಇಳಿದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ನಾನೂ ಗಾಳೆವ್ವನೂ ಬರಿಬಾಯಲ್ಲಿ ತೋಟದೊಳಗೆ ಹೋದೆವು. ಭರಮಪ್ಪ ಕೋಲು ಅಡ್ಡ ಹಿಡಿದ, ಗಾಳೆವ್ವ ಅದನ್ನು ಸರಿಸಿದಳು. ಮೂರನೆಯ ಸಾಲಿನಲ್ಲಿ ನಾನು ಕಚ್ಚಿದ ಬಳ್ಳಿ ಹುಡುಕಿದೆ. ನನ್ನ ಹಲ್ಲಿನ ಗುರುತಿನ ಎಲೆ ಹಾಗೇ ಇತ್ತು, ಹತ್ತಿರ ಏನೂ ಇಲ್ಲ. ನಾಲ್ಕು ಗಿಡದಾಚೆಯ ಬಳ್ಳಿಯ ಎಲೆಗಳು ಮಾತ್ರ ಜರಡಿಯಾಗಿದ್ದವು. ಒಂದನ್ನು ತಿರುವಿದೆ. ಹಸಿರು ಹುಳ, ಕಿರುಬೆರಳಿನಷ್ಟು ಉದ್ದ. ಅದರ ಬೆನ್ನ ತುಂಬ ಅಕ್ಕಿಕಾಳಿನಂಥ ಸಣ್ಣ ಬಿಳಿ ಗೂಡುಗಳು. ಹುಳ ಸತ್ತಿರಲಿಲ್ಲ, ಆದರೆ ತಿನ್ನುವುದನ್ನು ಬಿಟ್ಟಿತ್ತು. ಸುತ್ತ ಸೊಳ್ಳೆಗಿಂತ ಚೂರು ದೊಡ್ಡ ಕಣಜದ ಹುಳಗಳು ಹಾರುತ್ತಿದ್ದವು. ಒಂದು ಬಂದು ಇನ್ನೊಂದು ಹುಳದ ಮೇಲೆ ಕೂತು, ಬಾಲ ಬಗ್ಗಿಸಿ, ಚುಚ್ಚಿ, ಎದ್ದು ಹೋಯಿತು. ನನ್ನ ಹಲ್ಲಿನ ಎಲೆಯ ಕಡೆಗೆ ಒಂದೂ ಹೋಗಲಿಲ್ಲ.

ಕಹಿ ಬಂದಾಗಲೆಲ್ಲ ಈ ಕಣಜ ತೋಟದಲ್ಲಿ ತುಂಬುತ್ತಿತ್ತು. ಮುಖದ ಮೇಲಿಂದ ಎಷ್ಟು ಸಲ ಝಾಡಿಸಿದ್ದೇವೆ! ಬಾಯಿ ಕಟ್ಟಿದವರು ಕಣ್ಣನ್ನೂ ಕಟ್ಟಿಕೊಂಡಿದ್ದೆವು. ಗಾಳೆವ್ವ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ದನಿ ಬೇರೆಯೇ ಆಗಿತ್ತು. "ಬಳ್ಳಿಗೆ ಗೊತ್ತಿತ್ತವಾ ಯಾರ ಎಂಜಲು ಯಾವ್ದಂತ. ಅದು ನಮ್ಮ ಮ್ಯಾಲ ದೂರ ಹೇಳಿಲ್ಲ. ಇವನ್ನ ಕರದೈತಿ, ಬರ್ರಿ ಅಂತ. ಮೂರ ದಿನದಾಗ ಇವು ಹುಳದ ಕೆಲಸ ಮುಗಿಸ್ತಾವು. ನಾವು ನಡಕ ಒಬ್ಬೊಬ್ಬಾಕೀನ ಹೊರಗ ಹಾಕ್ಕೊಂತ ಬಂದ್ವಿ." ಹುಳವಿದ್ದ ಎಲೆಯನ್ನು ಭರಮಪ್ಪನಿಗೆ ತೋರಿಸಿದೆ. ಅವನು ನೋಡಿದ, ತಲೆ ಬಗ್ಗಿಸಿದ. "ನನಗ ತೋರ್ಸಿ ಏನ ಮಾಡ್ತಿ? ಇಳದ್ರ ಇಳೀತು" ಅಂದ.

ಆ ರಾತ್ರಿ ಕೇರಿಯಲ್ಲಿ ಯಾರೂ ಮಲಗಲಿಲ್ಲ ಅನ್ನುವುದನ್ನು ಬಿಟ್ಟರೆ ಹೇಳುವುದಕ್ಕೆ ಏನೂ ಇಲ್ಲ. ಮೂಡಲು ಬೂದಿಬಣ್ಣಕ್ಕೆ ತಿರುಗುವಾಗ ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದ್ದರು. ಎಲೆ ಅಗಿದು ನೋಡಲು ಯಾರಿಗೂ ಧೈರ್ಯವಿಲ್ಲ. ದೂರದಲ್ಲಿ ಧಣಿಯ ಆಳುಗಳು ಗುಡಿಸಲು ಕೀಳಲು ಹಾರೆ ಹೊತ್ತು ಬರುವುದು ಕಾಣುತ್ತಿತ್ತು. ಕರೆವ್ವ ಹೊಸ್ತಿಲ ಮೇಲೆ ಕೂತು ಕೂಸನ್ನು ಎದೆಗೆ ಹಿಡಿದಳು. ಕೂಸು ಮೂಸಿತು, ಮುಖ ತಿರುಗಿಸಿತು. ಯಾರೋ ಬಿಕ್ಕಿದರು. "ಸುಮ್ನಿರ್ರಿ" ಅಂದಳು ಕರೆವ್ವ. ಕೂಸಿನ ಕೆನ್ನೆಯನ್ನು ಬೆರಳಿನಿಂದ ತಟ್ಟಿದಳು, ಕಾದಳು. ಹಾರೆಗಳು ಕೇರಿಯ ಬಾವಿಯ ಹತ್ತಿರ ಬಂದಿದ್ದವು. ಕೂಸು ಮತ್ತೆ ತಿರುಗಿತು, ತುಟಿಯಿಂದ ಮುಟ್ಟಿ ನೋಡಿತು, ಒಂದು ಸಲ ಚೀಪಿತು, ನಿಲ್ಲಿಸಿತು. ಆಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ಗಟಗಟ ಕುಡಿಯತೊಡಗಿತು. ಮೂರು ದಿನದ ಹಸಿವು. ಆ ಸದ್ದು ಅಂಗಳದ ಕಡೆಯವರೆಗೂ ಕೇಳಿಸುತ್ತಿತ್ತು. ಆಳುಗಳಿಗೂ ಕೇಳಿಸಿರಬೇಕು, ಅವರು ಹಾರೆ ಕೆಳಗಿಟ್ಟರು.

ಹೊತ್ತೇರಿದ ಮೇಲೆ ಭರಮಪ್ಪ ಬಂದ. "ಏನೋ ಈ ಸಲ ಹಂಗ ಇಳದೈತಿ. ಧಣ್ಯಾರು ಬಾಯಿ ಕಟ್ಕೊಂಡು ಬರ್ರಿ ಅಂದಾರ. ಗಾಡಿ ತುಂಬ್ಬೇಕು." ಯಾರೂ ಕಟ್ಟಿಕೊಳ್ಳಲಿಲ್ಲ. ಯಾರೂ ತೋಟದ ಕಡೆಗೆ ಹೋಗಲೂ ಇಲ್ಲ. ಮೂವತ್ತೆಂಟು ಮಂದಿ ಬೇಲಿಗೆ ಹೋಗಿ ಜಾಲಿಮುಳ್ಳು ಎಳೆದು ಹಾಕಿದೆವು. ಕೈ ಹರಿದವು. ಹದಿನಾಲ್ಕು ಹೆಸರು ನಮಗೆ ಬಾಯಿಪಾಠ. ಕೂಗುತ್ತ ಸವಳಿಗಿಳಿದೆವು.

ಬಿಳಿ ನೆಲದ ಆಚೆ ತುದಿಯಲ್ಲಿ ಕಲ್ಲು ಪೇರಿಸಿದ ಐದಾರು ಗೂಡುಗಳು. ನಾನು ಹಿಂದೆಯೇ ಉಳಿದಿದ್ದೆ. ಕಡೆಯ ಗೂಡಿನಿಂದ ಮುದುಕಿಯೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ಹೊರಗೆ ಬಂದಳು. ಒಂದು ಎಲೆಯೂ ಇಲ್ಲದ ಆ ನೆಲದಲ್ಲಿ, ಹನ್ನೊಂದು ವರ್ಷದ ಮೇಲೂ, ಅವ್ವ ಬಾಯಿಬಟ್ಟೆ ಕಟ್ಟಿಕೊಂಡಿದ್ದಳು.

ಹಿಂದಿನ ಗಂಟು ಉಪ್ಪುಗಾಳಿಗೆ ಕಲ್ಲಾಗಿತ್ತು. ಹೆಬ್ಬೆರಳಿನ ತಗಡಿನ ಉಗುರಿನಿಂದ ಅದನ್ನು ಕೊಯ್ದೆ. ಬಟ್ಟೆ ಇದ್ದ ಕಡೆಯ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಅವಳು ನನ್ನನ್ನು ಗುರುತಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕ್ಷಮಿಸು ಅನ್ನಬೇಕೆಂದಿದ್ದೆ. ಅದರ ಬದಲು ಬೇರೆ ಮಾತು ಬಂತು. "ಯವ್ವಾ, ನಾನೂ ಕಚ್ಚಿದೆ."

ಅವ್ವ ನನ್ನ ಬರಿಬಾಯಿಯನ್ನು ಬಹಳ ಹೊತ್ತು ನೋಡಿದಳು. ಮಾತಾಡಿ ರೂಢಿ ತಪ್ಪಿದ ತುಟಿ ಎರಡು ಸಲ ಸುಮ್ಮನೆ ಆಡಿ, ಮೂರನೆಯ ಸಲಕ್ಕೆ ದನಿ ಹೊರಟಿತು.

"ರುಚಿ ಹೆಂಗಿತ್ತಬೇ?"